ಠಾಣೆ ದಾಟಿದ ಮೇಲಿನ ನುಡಿ

ನಾನು ಹಾಡುಗಾರನನ್ನು ಮದುವೆಯಾದೆ ಎಂದು ತವರಿನವರು ಇವತ್ತಿಗೂ ಹೆಮ್ಮೆಪಡುತ್ತಾರೆ. ಅವನ ಹಾಡು ಕೇಳಿದೆಯೇನೇ ಎಂದು ಮಾತ್ರ ಒಬ್ಬರೂ ವಿಚಾರಿಸಿಲ್ಲ. ನನ್ನ ಗಂಡ ಸಿದ್ದಲಿಂಗಪ್ಪನವರು ಹಾಡುವುದು ಲೋಕಲ್ ಟ್ರೇನಿನಲ್ಲಿ. ಅದೂ ಗಂಡಸರ ಡಬ್ಬಾದಲ್ಲಿ, ಭಜನಾ ಮಂಡಳಿಯ ನಡುವೆ, ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ನಾಲ್ಕೂ ಕಡೆಯಿಂದ ಜನ ಒತ್ತಿದರೆ ಮಾತ್ರ. ಅಂಬರನಾಥದ ನಮ್ಮ ಮನೆಯಲ್ಲಿ ಅವರ ಗಂಟಲಿನಿಂದ ರಾಗವಾಗಿ ಹೊರಟದ್ದೆಂದರೆ ಗೊರಕೆ ಒಂದೇ.

ಹಾಡು ಕಟ್ಟುವುದೂ ಅಲ್ಲೇ. ವಿಠಲನ ಮೇಲೆ ಅವರದೊಂದು ಹಾಡಿದೆ. ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ಪಲ್ಲವಿ ಹುಟ್ಟಿತಂತೆ, ಕಲ್ಯಾಣದಲ್ಲಿ ಮೊದಲ ನುಡಿ, ಡೊಂಬಿವಲಿ ದಾಟುವಾಗ ಎರಡನೆಯದು. ಅಷ್ಟರಲ್ಲಿ ಠಾಣೆ ಬರುತ್ತದೆ. ಅಲ್ಲಿ ಇಳಿದು ಅವರು ಬೇಲಾಪುರದ ಆಫೀಸಿಗೆ ಬೇರೆ ಗಾಡಿ ಹಿಡಿಯಬೇಕು. ಹಾಗಾಗಿ ಆ ಹಾಡಿಗೆ ಕೊನೆಯೇ ಇಲ್ಲ.

ನಾನು ಘಾಟ್‌ಕೋಪರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅದೇ ಗಾಡಿ, ಪಕ್ಕದ ಲೇಡೀಸ್ ಡಬ್ಬಾ. ನಡುವಿನ ತಗಡಿನ ಗೋಡೆಯಾಚೆಯಿಂದ ತಾಳ, ಗದ್ದಲ, ಹತ್ತಾರು ಗಂಟಲುಗಳು ಒಟ್ಟಿಗೇ ಕೇಳಿಸುತ್ತಿದ್ದವು. ಅದರಲ್ಲಿ ನನ್ನ ಗಂಡನದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಠಾಣೆ ದಾಟಿದ ಮೇಲೆ ಒಂದು ದನಿ ಕಡಿಮೆಯಾಗುತ್ತಿತ್ತು. ಓ, ಹೋದದ್ದು ನಮ್ಮದು ಎಂದು ನಗುತ್ತಿದ್ದೆ, ಜೊತೆಗೆ ಬೇಸರವೂ ಆಗುತ್ತಿತ್ತು.

ಈಗ ಅವರು ರಿಟೈರಾದರು. ಗಾಡಿ ತಪ್ಪಿತು, ಹಾಡೂ ನಿಂತಿತು. ಡೊಂಬಿವಲಿಯ ಕನ್ನಡ ಸಂಘದವರು ವಾರ್ಷಿಕೋತ್ಸವದಲ್ಲಿ ಹಾಡಿ ಎಂದು ಕರೆದಾಗ ಅವರಿಗಿಂತ ಮೊದಲು ನಾನೇ ಹ್ಞೂಂ ಎಂದೆ. ಈ ಸಲ ಕೇಳದಿದ್ದರೆ ಈ ಜನ್ಮದಲ್ಲಿ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಭ್ಯಾಸಕ್ಕೆಂದು ಬಾಲ್ಕನಿಯಲ್ಲಿ ಬಟ್ಟೆ ಹಗ್ಗ ಹಿಡಿದು ನಿಂತರು. ದನಿ ಏಳಲಿಲ್ಲ. ಗಾಡಿಯ ಸದ್ದಿರಲಿ ಎಂದು ನಾನು ಮಿಕ್ಸರ್ ಹಾಕಿದೆ.

“ಮಿಕ್ಸರಿನ್ಯಾಗ ಚಟ್ನಿ ಆಗ್ತದ, ಹಾಡ ಆಗಂಗಿಲ್ಲ” ಎಂದರು.

“ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕ ಅಂದ್ಲಂತ!”

“ನಿನ್ನ ರಂಗೋಲಿಗೆ ಜಗಳ ಬೇಕಲ್ಲ, ನನಗ ಗಾಡಿ ಬೇಕು. ಏನ್ ತಪ್ಪ?”

ಅದು ನಿಜ. ಯಾರೊಂದಿಗಾದರೂ ಒಂದು ಜಗಳ ಕಾಯದೆ ನನ್ನ ಎಳೆ ನೆಟ್ಟಗೆ ಬರುವುದಿಲ್ಲ. ಸಂಘದ ಕಾರ್ಯಕ್ರಮದ ದಿನವೂ ಡೆಕೊರೇಟರನ ಮೇಲೆ ಕುರ್ಚಿಯ ನೆಪ ತೆಗೆದು ಹರಿಹಾಯ್ದೆ. ಬಾಗಿಲಿನ ರಂಗೋಲಿಯ ನವಿಲು ಎಷ್ಟು ಚೆನ್ನಾಗಿ ಬಂತೆಂದರೆ, ಬೈಸಿಕೊಂಡವನೇ ಫೋಟೊ ತೆಗೆದುಕೊಂಡ.

ಉಡುಪಿಯ ಪುಂಡರೀಕಾಕ್ಷರದು ಇನ್ನೊಂದು ಬಗೆ. ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಾರೆ, ಸಂಘದ ಯಕ್ಷಗಾನದಲ್ಲಿ ರಾಕ್ಷಸನಾಗುತ್ತಾರೆ. ಹೋಟೆಲಿನಲ್ಲಿ ಪಾತ್ರದ ಒಂದು ಮಾತು ಹೇಳಿ ಎಂದರೆ ಇಡ್ಲಿ ವಡೆಯ ಹೆಸರಷ್ಟೇ ಬಾಯಿಗೆ ಬರುತ್ತದೆ. ಬಣ್ಣಕ್ಕೆ ಕುಳಿತರೆ ಮೌನ. ಬಣ್ಣ ಮುಗಿಯುವ ಮೊದಲು ಬಾಯಿಬಿಟ್ಟರೆ ಪಾತ್ರ ಮೈಗೆ ಬರುವುದಿಲ್ಲವೆಂದು ಅವರ ನಂಬಿಕೆ. ನಮ್ಮವರ ಹಾಡನ್ನು ಗಾಡಿಯಲ್ಲಿ ಎಷ್ಟೋ ಸಲ ಕೇಳಿದವರು ಅವರು.

ಸಿದ್ದಲಿಂಗಪ್ಪನವರು ಮೈಕಿನ ಮುಂದೆ ಒಬ್ಬರೇ ನಿಂತರು. ಸುತ್ತ ಅಷ್ಟೊಂದು ಖಾಲಿ ಜಾಗವಿಟ್ಟುಕೊಂಡು ಅವರು ಎಂದೂ ಹಾಡಿರಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಕೈ ತಾನಾಗಿ ಮೇಲೆ ಹೋಯಿತು, ಹಿಡಿಯಲು ಏನೂ ಸಿಗದೆ ತಲೆ ಕೆರೆದುಕೊಂಡು ಕೆಳಗಿಳಿಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಷ್ಟು ಗೇಲಿ ಮಾಡಿದವಳು ನಾನು, ಆಗ ಮಾತ್ರ ನಗು ಬರಲಿಲ್ಲ.

ಅಷ್ಟರಲ್ಲಿ ಪರದೆ ಸರಿಸಿ, ಅರ್ಧ ಮುಖಕ್ಕಷ್ಟೇ ಬಣ್ಣ ಹಚ್ಚಿದ್ದ ಪುಂಡರೀಕಾಕ್ಷರು ಹೊರಗೆ ಬಂದರು.

“ಎಂಥ ನೋಡ್ತಾ ಕೂತದ್ದು ನೀವು? ಬನ್ನಿ ಮಾರಾಯ್ರೆ, ಒತ್ತಿ ನಿಲ್ಲಿ!” ಎಂದು ಮೌನ ಮುರಿದು ಗರ್ಜಿಸಿದರು.

ಗಾಡಿಯಲ್ಲಿ ತಾಳ ಹಾಕುವ ಸೈದಪ್ಪ ಮೊದಲು ಓಡಿದ. ಮಂಡಳಿಯ ಉಳಿದವರು ಹಿಂದೆಯೇ ವೇದಿಕೆ ಹತ್ತಿ ನಮ್ಮವರನ್ನು ನಾಲ್ಕೂ ಕಡೆಯಿಂದ ಒತ್ತಿದರು. ಅರ್ಧ ರಾಕ್ಷಸರಾಗಿದ್ದ ಪುಂಡರೀಕಾಕ್ಷರು ತಮ್ಮ ತೋಳನ್ನು ಮೇಲೆತ್ತಿ ಕೊಟ್ಟರು. ನನ್ನ ಗಂಡ ಆ ಮಣಿಕಟ್ಟಿಗೆ ಜೋತುಬಿದ್ದು ಕಣ್ಣು ಮುಚ್ಚಿದರು. ಸೈದಪ್ಪ ಹೆಗಲಿನಿಂದ ಒಂದು ತಳ್ಳು ಕೊಟ್ಟ. ಹಾಡು ಹೊರಟಿತು.

ಗೊಗ್ಗರು ದನಿ. ಮೇಲೆ ಏರುವಾಗ ಸಣ್ಣಗೆ ಬಿರಿಯುತ್ತದೆ. ನಾನು ಇಷ್ಟು ವರ್ಷ ಮನಸ್ಸಿನಲ್ಲೇ ಕೇಳಿಕೊಂಡದ್ದಕ್ಕಿಂತ ಸಾಧಾರಣ, ಆದರೂ ಎಷ್ಟು ಚೆಂದ! ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದರಲ್ಲಿದ್ದ ರಂಗೋಲಿ ಪುಡಿ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ಎರಡನೆಯ ನುಡಿ ಮುಗಿಯಿತು. ಅವರ ಪಾಲಿಗೆ ಠಾಣೆ ಬಂತು. ಅಭ್ಯಾಸಬಲದಿಂದ ಕೈ ಬಿಟ್ಟು, “ಸರಕೋ, ಸರಕೋ” ಎನ್ನುತ್ತ ಇಳಿಯಲು ದಾರಿ ಮಾಡಿಕೊಂಡರು. ಸಭೆ ಕಾಯುತ್ತಿತ್ತು. ಮುಂದೇನೆಂದು ಸೈದಪ್ಪನಿಗೂ ಗೊತ್ತಿಲ್ಲ. ಠಾಣೆಯಾಚೆ ಮಂಡಳಿಯವರು ಬರೀ ಪಲ್ಲವಿಯನ್ನೇ ತಿರುವಿಹಾಕಿ ಬೇರೆ ಹಾಡಿಗೆ ಹೋಗುತ್ತಿದ್ದರು.

ನಾನು ಎದ್ದು ನಿಂತೆ. ಮತ್ತೆ ಜಗಳಕ್ಕೇ ಎದ್ದಳೆಂದು ಡೆಕೊರೇಟರ್ ಹಿಂದೆ ಸರಿದ. ನಾನು ಹಾಡಿದೆ:

“ಇಳಿವ ಊರು ಬಂದರೂ, ವಿಠಲಾ,
ಇಳಿಯದಿರೋ ನನ್ನೆದೆಯಿಂದ.”

ನನ್ನದೇನೂ ಹಾಡುವ ಕಂಠವಲ್ಲ. ಆದರೂ ಸೈದಪ್ಪ ತಾಳ ಹಿಡಿದ, ಮಂಡಳಿ ದನಿಗೂಡಿಸಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ನನ್ನ ಗಂಡ ಹಾಗೇ ನಿಂತರು. ಹಾಡು ಮುಗಿದ ಮೇಲೂ ಚಪ್ಪಾಳೆಯ ಕಡೆ ನೋಡದೆ ಸೀದಾ ನನ್ನ ಹತ್ತಿರ ಬಂದರು.

“ಇದನ್ನ ಯಾವಾಗ ಕಟ್ಟಿದಿ, ಸೌಭಾಗ್ಯ?”

“ದಿನಾ,” ಎಂದೆ. “ನೀವು ಇಳದ ಮ್ಯಾಲ.”