ಪಡು ಗೋಲು ಕಾಯುವವನು

ಸತ್ತವನನ್ನು ಟೀಮಿನಿಂದ ಬಿಡಬೇಕೋ ಬೇಡವೋ ಎಂಬ ಚರ್ಚೆ ನನ್ನ ಅಂಗಡಿಯ ಜಗಲಿಯಲ್ಲಿ ನಾಲ್ಕು ವರ್ಷ ನಡೆಯಿತು. ಸತ್ತವನು ನನ್ನ ತಮ್ಮ ರತೀಶ. ಅಂಗಡಿ ನನ್ನದು, ಬೆಂಚು ನನ್ನದು, ತಮ್ಮನೂ ನನ್ನವನೇ. ಆದರೂ ಆ ಚರ್ಚೆಯಲ್ಲಿ ಈ ಚಂದ್ರನ ಮಾತನ್ನು ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮೂರು ಕಿರಿಮಂಜೇಶ್ವರಕ್ಕೆ ಫುಟ್‌ಬಾಲ್ ತಂದವರು ಗುಣಪಾಲಣ್ಣ. ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಸಾಕಾಗಿ ಊರಿಗೆ ಮರಳುವವರು ಟ್ರಂಕಿನಲ್ಲಿ ಸೀರೆ, ಟೇಪ್ ರೆಕಾರ್ಡರ್ ತರುವುದು ರೂಢಿ. ಇವರು ಒಂದು ಚೆಂಡು, ಒಂದು ಸ್ಟೀಲಿನ ಸೀಟಿ ತಂದರು. ನವಜ್ಯೋತಿ ಕ್ಲಬ್ ಹುಟ್ಟಿದ್ದು ಹಾಗೆ. ಕೊಯ್ಲಾದ ಬೈಲುಗದ್ದೆಯೇ ಮೈದಾನ, ಗಾಳಿಮರದ ಕಂಬಗಳೇ ಗೋಲು. ಮೂಡು ಗೋಲಿನ ಹಿಂದೆ ಹೆದ್ದಾರಿ, ಪಡು ಗೋಲಿನ ಹಿಂದೆ ಹೊಳೆ.

ರತೀಶ ನಮ್ಮ ಗೋಲ್‌ಕೀಪರ್. ಅವನಿಗೊಂದು ಚಾಳಿ ಇತ್ತು. ಎದುರಾಳಿ ಕಾರ್ನರ್ ಕಿಕ್‌ಗೆ ನಿಂತ ಕೂಡಲೇ ಅಂಗೈಯಿಂದ ಬಲಗಡೆಯ ಕಂಬಕ್ಕೆ ಎರಡು ಸಲ ತಟ್ಟುತ್ತಿದ್ದ. ನಮಗೆಲ್ಲ ಅದು ಗೊತ್ತಿದ್ದ ಸದ್ದು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಶಿರೂರಿನವರ ಮೇಲೆ ಆಡುವಾಗ, ಗುಣಪಾಲಣ್ಣ ಸೀಟಿ ಹಿಡಿದಿದ್ದ ಆಟದ ಎರಡನೇ ಅರ್ಧದಲ್ಲಿ, ಚೆಂಡು ಹೊಳೆಗೆ ಬಿತ್ತು. ಇದ್ದದ್ದು ಒಂದೇ ಚೆಂಡು. ಅವನು ಗ್ಲೌಸ್ ಹಾಕಿಕೊಂಡೇ ಹಾರಿದ. ಇಳಿತದ ಹೊತ್ತು, ನೀರು ಕಡಲಿನ ಕಡೆ ಸೆಳೆಯುತ್ತಿತ್ತು. ಚೆಂಡು ಅಳಿವೆಯ ಹತ್ತಿರ ಸಿಕ್ಕಿತು, ಅವನು ಮರುದಿನ ಸಿಕ್ಕಿದ. ಕೈಯಲ್ಲಿ ಗ್ಲೌಸ್ ಹಾಗೇ ಇತ್ತು.

ಆ ಗ್ಲೌಸನ್ನು ಗುಣಪಾಲಣ್ಣ ನೆನಪಿಗೆಂದು ಪಡು ಗೋಲಿನ ಬಲಗಂಬಕ್ಕೆ ಮೊಳೆ ಹೊಡೆದು ತೂಗುಹಾಕಿದರು. ಅದು ಒಣಗಲಿಲ್ಲ. ಮಾರ್ಚ್ ತಿಂಗಳ ಬಿಸಿಲಿಗೆ ಗದ್ದೆಯ ಮಣ್ಣು ಬಿರುಕು ಬಿಟ್ಟರೂ ಗ್ಲೌಸಿನ ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಉಪ್ಪುನೀರಿನ ಗುಣ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಹೇಳಿಕೊಂಡದ್ದನ್ನು ಯಾರೂ ನಂಬಲಿಲ್ಲ.

ಮುಂದಿನ ಸೀಸನ್ನಿನಲ್ಲಿ ಕೀಪರ್ ಎಂದು ನಿಂತವನು ಮುತ್ತ. ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಗಟ್ಟಿ ಆಳು. ಆದರೆ ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ಮೊದಲ ಅರ್ಧದಲ್ಲಿ ಮೂಡು ಗೋಲಿಗೆ ನಿಂತಾಗ ಗೋಲು ಮೇಲೆ ಗೋಲು ತಿಂದ. ಎರಡನೇ ಅರ್ಧದಲ್ಲಿ ಪಡು ಗೋಲಿಗೆ ಬಂದ ಮೇಲೆ ಒಂದೂ ಒಳಗೆ ಹೋಗಲಿಲ್ಲ. ಎದುರಿಗೆ ಯಾರೂ ಇಲ್ಲದಾಗ ಹೊಡೆದ ಚೆಂಡು ಗೆರೆಯ ಮೇಲೆ ಧಪ್ಪೆಂದು ನಿಂತು ಹಿಂದಕ್ಕೆ ಉರುಳಿತು. ಚೆಂಡಿನ ಮೇಲೆ ನೀರಿನ ಐದು ಬೆರಳಿತ್ತು. ಅದಕ್ಕೂ ಮುಂಚೆ, ಮುತ್ತ ಎಡಗಂಬದ ಹತ್ತಿರ ಕೈಕಟ್ಟಿ ನಿಂತಿದ್ದಾಗಲೇ, ಬಲಗಂಬದಿಂದ ಎರಡು ಸಲ ಸದ್ದು ಬಂದದ್ದನ್ನು ನಾನು ಕೇಳಿದ್ದೆ. ಆಚೀಚೆ ನೋಡಿದರೆ ಎಲ್ಲರೂ ಕೇಳಿದ್ದರು.

ಬೇರೆ ಊರಾಗಿದ್ದರೆ ಆ ಗದ್ದೆ ಬಿಟ್ಟು ಓಡುತ್ತಿದ್ದರು. ನಮ್ಮವರು ಟೀಮ್ ಕಟ್ಟಲು ಕೂತರು. ಬಸ್ ಏಜೆಂಟ್ ವೆಂಕಟಣ್ಣನ ಲೆಕ್ಕಾಚಾರ ಸರಳ: ಹೇಗೂ ಕೀಪರ್ ಇದ್ದಾನೆ, ಆದ್ದರಿಂದ ಹೊರಗಿನಿಂದ ಆಟಗಾರರನ್ನು ಕರೆಸುವುದಾದರೆ ಮುಂದೆ ಆಡುವವರನ್ನೇ ಕರೆಸಬೇಕು. ಟಾಸ್ ಗೆದ್ದರೆ ಎರಡನೇ ಅರ್ಧಕ್ಕೆ ಪಡು ಗೋಲು ಕೇಳಬೇಕು. ಗುಣಪಾಲಣ್ಣನಿಗೆ ಒಳಗೊಳಗೇ ಹೆದರಿಕೆ, ಬ್ರಹ್ಮಾವರದ ಕಡೆಯ ಒಬ್ಬ ಒಳ್ಳೆಯ ಕೀಪರನನ್ನು ತರೋಣ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಪ್ರತಿ ವರ್ಷ ಬೆಂಚಿನವರು ಅವರ ಬಾಯಿ ಮುಚ್ಚಿಸುತ್ತಿದ್ದರು. ಹೊಸ ಕೀಪರ್ ಬಂದರೆ ರತೀಶನಿಗೆ ಬೇಜಾರಾಗುತ್ತದೆ ಎಂಬುದು ವೆಂಕಟಣ್ಣನ ವಾದ. ಆಟಗಾರರ ಪಟ್ಟಿ ಓದುವಾಗ ಆಗಲೂ ಮೊದಲ ಹೆಸರು ಅವನದೇ ಇರುತ್ತಿತ್ತು.

ನನಗೆ ಸಿಟ್ಟು ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ತಮ್ಮ ಎಲ್ಲಿಗೂ ಹೋಗಿಲ್ಲ, ಭಾನುವಾರ ಸಂಜೆ ಗದ್ದೆಯ ಅಂಚಿನಲ್ಲಿ ಕೂತರೆ ಅವನ ಕೈಯ ಸದ್ದು ಕೇಳುತ್ತದೆ. ಅದಕ್ಕಿಂತ ಹೆಚ್ಚು ನನಗೇನು ಬೇಕಿತ್ತು?

ಬೇಕಿದ್ದದ್ದು ಅಮ್ಮನಿಗೆ. ಅಮ್ಮ, ಅಂದರೆ ಅಮ್ಮಣಿ, ಒಂದು ಆಟಕ್ಕೂ ಬಂದವಳಲ್ಲ. ಅವಳ ಕನಸಿನಲ್ಲಿ ರತೀಶ ಮನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಮೈಯೆಲ್ಲ ಒದ್ದೆ, ಚಳಿಗೆ ನಡುಗುತ್ತಿದ್ದ. ಉಂಬುಕೆ ಬಾ ಎಂದು ಇವಳು ಕರೆದರೆ ಒಳಗೆ ಬರುತ್ತಿರಲಿಲ್ಲ.

"ಆಟ ಮುಗೀಲಿಲ್ಲ ಅಮ್ಮಾ, ಮುಗ್ದ್ ಮೇಲ್ ಬತ್ತೆ ಅಂತ," ಎಂದು ಅಮ್ಮ ಅವನ ಮಾತನ್ನೇ ಹೇಳುತ್ತಿದ್ದಳು. "ನಾಲ್ಕ್ ವರ್ಷದಿಂದ ಅದೇ ಮಾತ್ ಮಗಾ."

ಜೋಯಿಸರಲ್ಲಿ ಕೇಳಿದಾಗ ಹುಡುಗನಿಗೆ ಮದುವೆಯ ಪ್ರಾಯ ಕಳೆಯುತ್ತಿದೆ ಎಂದರು. ನಮ್ಮ ಕಡೆ ಮದುವೆಗೆ ಮುಂಚೆ ಸತ್ತವರಿಗೂ ಪ್ರಾಯ ಏರುತ್ತದೆ, ಅವರಿಗೂ ಜೋಡಿ ಹುಡುಕಿ ಮದುವೆ ಮಾಡಬೇಕು. ಮದುವೆಯಾದರೆ ಮನೆ ಸೇರುತ್ತಾನೆಂದು ಅಮ್ಮ ನಂಬಿದಳು. ಹುಡುಕಿದಾಗ ಸಿಕ್ಕಿದ್ದು ಶಿರೂರಿನ ವಿನಯಾ. ಆರು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡ ಮಗು, ಬದುಕಿದ್ದರೆ ಈಗ ಇಪ್ಪತ್ತಮೂರು. ಅವಳ ಅಣ್ಣ ನಿತೇಶ್ ಶಿರೂರು ಟೀಮಿನ ಕ್ಯಾಪ್ಟನ್.

ಜಗಲಿಗೆ ಬೆಂಕಿ ಬಿದ್ದಂತಾಯಿತು. ಹೆಣ್ಣು ಎಲ್ಲಿಯದಾದರೂ ಆಗಬಹುದು, ಶಿರೂರಿನದು ಮಾತ್ರ ಬೇಡ ಎಂದು ಎಲ್ಲರೂ ನನ್ನ ಮೇಲೆ ಬಿದ್ದರು. ಇಂಥ ಆಟಗಾರನನ್ನು ಎದುರಾಳಿಗೆ ಧರ್ಮಕ್ಕೆ ಕೊಡುವ ಕ್ಲಬ್ ಪ್ರಪಂಚದಲ್ಲಿ ಎಲ್ಲೂ ಇಲ್ಲ ಎಂದು ವೆಂಕಟಣ್ಣ ಕೂಗಾಡಿದರು. ಮದುವೆಯಾದರೆ ಹುಡುಗಿ ಇಲ್ಲಿಗೆ ಬರುವುದು, ಹುಡುಗ ಅಲ್ಲಿಗೆ ಹೋಗುವುದಲ್ಲ ಎಂದು ತಿಳಿಸಿ ಹೇಳಿದೆ. ಇಷ್ಟರ ಮೇಲೂ ಅವರಿಗೆ ಧೈರ್ಯ ಬರಲಿಲ್ಲ.

ಆಸಾಡಿ ತಿಂಗಳಲ್ಲಿ ನಮ್ಮ ಮನೆಯಲ್ಲೇ ಮದುವೆ ಆಯಿತು. ಒಂದು ಮಣೆಯ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಬಳೆ, ಕರಿಮಣಿ. ಧಾರೆ ಎರೆಯುವ ಹೊತ್ತಿಗೆ ನೋಡಿದರೆ ಪಂಚೆಯ ಮೇಲೆ ಆ ಗ್ಲೌಸ್ ಇತ್ತು. ಕ್ಲಬ್ಬಿನ ನೆನಪಿರಲಿ ಎಂದು ವೆಂಕಟಣ್ಣ ಕಂಬದಿಂದ ಬಿಚ್ಚಿ ತಂದು ಇಟ್ಟಿದ್ದರು. ಹೊಸ ಪಂಚೆ ಅಷ್ಟಗಲ ಒದ್ದೆಯಾಗಿತ್ತು. ತೆಗೆಯಬೇಕೆಂದರೆ ಧಾರೆಯ ನೀರು ಬಿಟ್ಟು ಆಗಿತ್ತು, ಈಗ ಮುಟ್ಟಬಾರದು ಎಂದು ಹಿರಿಯರು ಹೇಳಿದರು. ಅಲ್ಲಿಗೆ ಗ್ಲೌಸೂ ಮದುಮಗನ ಸೊತ್ತಾಯಿತು. ಅಮ್ಮನ ಕನಸು ಮಾತ್ರ ಆಮೇಲೂ ನಿಲ್ಲಲಿಲ್ಲ.

ದೀಪಾವಳಿಗೆ ಹೊಸ ಅಳಿಯನನ್ನು ಕರೆಯುವ ಕ್ರಮ ಉಂಟಷ್ಟೆ. ವಿನಯಾಳ ತಾಯಿ ಸರೋಜಕ್ಕ, ನಿತೇಶ್ ಇಬ್ಬರೂ ವೀಳ್ಯ ಹಿಡಿದು ಬಂದರು. ಬಾಗಿಲಲ್ಲಿ ನಿಂತು, ಇಬ್ಬರೂ ಹಬ್ಬಕ್ಕೆ ಬನ್ನಿ ಎಂದು ಬರಿಯ ಗಾಳಿಗೆ ಹೇಳಿದರು. ಸರೋಜಕ್ಕ ಅಳುತ್ತಿದ್ದರು, ಅದು ನಿಜವಾದ ಅಳು. ಹೊರಡುವಾಗ ನಿತೇಶ್ ಭಾವನ ಸಾಮಾನು ಎಂದು ಗ್ಲೌಸ್ ಎತ್ತಿಕೊಂಡ. ಬೀಗರೆಂದು ನಾನು ತಡೆಯಲಿಲ್ಲ.

ಆ ಸೀಸನ್ನಿನಲ್ಲಿ ಪಡು ಗೋಲು ಸೋರಿತು. ಬಲಗಂಬ ಮೂಕವಾಗಿತ್ತು. ಮುತ್ತ ಕಣ್ಣು ಮುಚ್ಚಿದ, ಚೆಂಡು ಒಳಗೆ ಹೋಯಿತು. ಅತ್ತ ಶಿರೂರಿನವರು ಎರಡನೇ ಅರ್ಧದಲ್ಲಿ ಒಂದೂ ಗೋಲು ತಿನ್ನದೆ ಗೆಲ್ಲುತ್ತಿದ್ದರು. ಬೆಂಚಿನ ಮೇಲೆ ಹೊಸ ಹೊಸ ಸೂಚನೆಗಳು ಬಂದವು. ನಮ್ಮ ಇಬ್ಬರು ಫಾರ್ವರ್ಡ್‌ಗಳನ್ನು ಅವರಿಗೆ ಕೊಟ್ಟು ರತೀಶನನ್ನು ವಾಪಸು ಕೇಳೋಣ ಎಂದೊಬ್ಬ. ಬರೀ ಎರಡನೇ ಅರ್ಧಕ್ಕೆ ಕಳಿಸಲಿ ಎಂದಿನ್ನೊಬ್ಬ. ಬೈದು ಓಡಿಸಬೇಕೆನಿಸಿತು. ಆದರೆ ನನಗೂ ಆ ಸದ್ದು ಬೇಕಾಗಿತ್ತು. ತಮ್ಮನನ್ನು ಕರೆತರಲು ವೀಳ್ಯ ಕಟ್ಟಿಕೊಂಡು ಹೊರಟೆ. ಬ್ರಹ್ಮಾವರದ ಟೀಮಿನ ಮೇಲೆ ಶಿರೂರಿನ ಆಟವಿತ್ತು, ರೆಫರಿ ಗುಣಪಾಲಣ್ಣ. ಅವರ ಜೊತೆಗೇ ಹೋದೆ.

ಗ್ಲೌಸ್ ಅವರ ಗೋಲಿನ ಬಲಗಂಬದಲ್ಲಿ ತೂಗುತ್ತಿತ್ತು. ಕೆಳಗೆ ಮರಳು ಕಪ್ಪಗೆ ಒದ್ದೆ. ಕೀಪರ್ ಹುಡುಗ ನಮ್ಮ ಮುತ್ತನ ಹಾಗೇ ಕೈಕಟ್ಟಿ ದೂರ ನಿಂತಿದ್ದ. ಬ್ರಹ್ಮಾವರದವರಿಗೆ ಕಾರ್ನರ್ ಸಿಕ್ಕಿತು. ಕಂಬ ಎರಡು ಸಲ ಸದ್ದು ಮಾಡಿತು. ಎಷ್ಟೋ ತಿಂಗಳ ಮೇಲೆ ಆ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಶಿರೂರಿನ ಜನ ಚಪ್ಪಾಳೆ ಹೊಡೆದರು.

ಸರೋಜಕ್ಕ ಚಪ್ಪಾಳೆ ಹೊಡೆಯಲಿಲ್ಲ. ನನ್ನನ್ನು ಕಂಡು, ನಾನು ಕೊಟ್ಟ ವೀಳ್ಯ ಹಿಡಿದುಕೊಂಡೇ ಪಕ್ಕಕ್ಕೆ ಕರೆದರು.

"ನಮ್ ವಿನಯಾ ಕನಸಲ್ ಬತ್ಲ್," ಎಂದರು ಮೆಲ್ಲಗೆ. "ಎರಡ್ ಎಲೆ ಹಾಕ್ಕಂಡ್ ಒಬ್ಳೇ ಕೂಕಂಡಿರ್ತ್ಲ್. ಅಳಿಯ ಒಳ್ಗ್ ಬಪ್ಪುದೇ ಇಲ್ಲೆ. ಮೆಟ್ಲ್ ಮೇಲ್ ನಿಂತ್ಕಂಡ್, ಆಟ ಮುಗೀಲಿಲ್ಲ ಅಂತ."

ನಾಲ್ಕು ವರ್ಷ ಅಮ್ಮ ಅದೇ ಮಾತು ಹೇಳಿದ್ದಳು. ಅವನಿಗೆ ಆಡುವ ಆಸೆ ಇನ್ನೂ ತೀರಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅವನು ಹೇಳುತ್ತಿದ್ದದ್ದು ಬರೀ ಇದ್ದ ವಿಷಯ. ಆಟದ ನಡುವೆ ಗೋಲು ಬಿಟ್ಟು ಬರುವವನಲ್ಲ ಅವನು. ಅವನು ಯಾರ ಟೀಮಿಗೆ ಎಂದು ನಾವು ಜಗ್ಗಾಡುತ್ತಿದ್ದೆವು. ಅವನು ಒದ್ದೆ ಮೈಯಲ್ಲಿ ಇನ್ನೂ ಆ ಆಟದಲ್ಲೇ ನಿಂತಿದ್ದ.

ಆಟ ಮುಗಿದ ಮೇಲೆ ಗುಣಪಾಲಣ್ಣನನ್ನು ಕೇಳಿದೆ, ರತೀಶ ಹೊಳೆಗೆ ಹಾರಿದ ದಿನ ಕೊನೆಯ ಸೀಟಿ ಊದಿದ್ದಿರಾ ಎಂದು. ಇಲ್ಲ, ಎಲ್ಲರ ಜೊತೆ ಹೊಳೆಗೆ ಓಡಿದೆ, ಆಮೇಲೆ ಯಾರಿಗೆ ಬೇಕಿತ್ತು ಸೀಟಿ ಎಂದರು. ಅವರ ಕೊರಳಲ್ಲಿ ಅದೇ ಸೀಟಿ ಇತ್ತು.

ನಾನೇ ಕಂಬದಿಂದ ಗ್ಲೌಸ್ ಬಿಚ್ಚಿದೆ. ನಿತೇಶ್ ಅಡ್ಡ ಬಂದ, ಸರೋಜಕ್ಕ ಮಗನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಮಗಳನ್ನೂ ಕರೆದುಕೊಂಡು ಹೋಗಿ ಎಂದು ವೀಳ್ಯ ನನ್ನ ಕೈಗೇ ಮರಳಿ ಕೊಟ್ಟರು. ಬಸ್ಸಿನಲ್ಲಿ ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡೆ. ಬೈಂದೂರು ದಾಟುವ ಹೊತ್ತಿಗೆ ನನ್ನ ಪಂಚೆ ತೊಯ್ದು ಸೀಟಿನಡಿ ನೀರು ನಿಂತಿತ್ತು. ಮೀನು ತಂದದ್ದಾ ಎಂದು ಕಂಡಕ್ಟರ್ ಗದರಿದ. ಬಗ್ಗಿ ನೋಡಿದವನು ಮಾತು ನಿಲ್ಲಿಸಿ, ಪಕ್ಕದ ಸೀಟಿಗೆ ಬಂದವರನ್ನು ಬೇರೆ ಕಡೆ ಕೂರಿಸಿದ.

ಮರುದಿನ ಸಂಜೆ ಬೈಲಿನಲ್ಲಿ ಊರೇ ಸೇರಿತ್ತು. ಗ್ಲೌಸನ್ನು ಪಡು ಗೋಲಿನ ಬಲಗಂಬಕ್ಕೆ ಹಾಕಿದೆ. ಗುಣಪಾಲಣ್ಣ ಚೆಂಡನ್ನು ನಡುವಿಗೆ ಇಟ್ಟರು. ಅಷ್ಟರಲ್ಲಿ ವೆಂಕಟಣ್ಣ ನನ್ನ ಎದುರು ಬಂದು ನಿಂತರು. ಅವರ ಕಣ್ಣು ಕೆಂಪಾಗಿತ್ತು. ರತೀಶನಿಗೆ ಚೆಂಡು ಹಿಡಿಯಲು ಕಲಿಸಿದವರು ಅವರೇ.

"ಊದಿರೆ ಅಂವ ಯಾರಿಗೂ ಇಲ್ಲೆ ಚಂದ್ರ. ನಿಂಗೂ ಇಲ್ಲೆ. ಕಾಣ್, ಯೋಚ್ನೆ ಮಾಡ್."

ಯೋಚನೆ ಮಾಡದೆ ಬಂದಿರಲಿಲ್ಲ. ರಾತ್ರಿಯಿಡೀ ಬೇರೆ ಯೋಚನೆಯೇ ಇರಲಿಲ್ಲ. ಬಾಯಿ ಬಿಟ್ಟರೆ ಬೇಡ ಎಂದುಬಿಡುತ್ತೇನೋ ಎಂದು ಹೆದರಿ ಸುಮ್ಮನಿದ್ದೆ. ಆಗ ಬಲಗಂಬ ಸದ್ದು ಮಾಡಿತು, ಎರಡು ಸಲ. ಕಾರ್ನರ್ ಇರಲಿಲ್ಲ, ಚೆಂಡು ನಡುವಿನಲ್ಲಿತ್ತು, ಎದುರಾಳಿಯೇ ಇರಲಿಲ್ಲ. ಆದರೂ ಅವನು ಸಿದ್ಧನಾಗಿ ನಿಂತಿದ್ದ. ಗೆರೆಯ ಮೇಲೆ ಒಣಮಣ್ಣು ಎರಡು ಹೆಜ್ಜೆಯಷ್ಟು ಕಪ್ಪಗಾಗುತ್ತ ಬಂತು. ಮುತ್ತ ಮೈದಾನ ಬಿಟ್ಟು ಆಚೆ ನಡೆದ.

ಗುಣಪಾಲಣ್ಣ ಸೀಟಿ ಬಾಯಿಗಿಟ್ಟರು. ಉಸಿರು ಹೊರಡಲಿಲ್ಲ. ಅವರ ಕೊರಳಿನಿಂದ ತೆಗೆದುಕೊಂಡು ನಾನೇ ಊದಿದೆ. ಎದೆಯಲ್ಲಿ ಗಾಳಿ ಮುಗಿಯುವವರೆಗೂ ಊದಿದೆ.

"ಆಟ ಮುಗೀತ್ ರತೀಶ," ಎಂದೆ. "ಬಾ, ಮನಿಗ್ ಹೋಪ."

ಗ್ಲೌಸ್ ಬಿಚ್ಚಿಕೊಂಡು ತಿರುಗಿ ನೋಡದೆ ನಡೆದೆ. ಅಂಚಿನ ಮೇಲೆ ಹಿಂದಿನಿಂದ ಪಚಪಚ ಎಂದು ಒದ್ದೆ ಕಾಲಿನ ಸದ್ದು ಬರುತ್ತಿತ್ತು. ಗದ್ದೆ ದಾಟುವಾಗ ಅದರ ಜೊತೆಗೆ ಬಳೆಯ ಸದ್ದೂ ಸೇರಿತು. ಮನೆಯಲ್ಲಿ ಅಮ್ಮ ಎರಡು ಎಲೆ ಹಾಕಿ, ಬಿಸಿ ಅನ್ನ ಬಡಿಸಿ, ಕಂಬಕ್ಕೆ ಒರಗಿ ಕೂತಿದ್ದಳು. ಹೆಗಲ ಮೇಲೆ ಒಣಗಿದ ಬೈರಾಸು. ನಾನು ಮೆಟ್ಟಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬಾಗಿಲ ದಾರಂದಕ್ಕೆ ಎರಡು ಸಲ ತಟ್ಟಿದ ಸದ್ದಾಯಿತು. ಅಮ್ಮ ಎದ್ದು ನಿಂತು ಬೈರಾಸು ಚಾಚಿದಳು. ಬರಿಯ ಗಾಳಿಯಲ್ಲಿ, ತಲೆ ಒರೆಸುವ ಹಾಗೆ, ತುಂಬ ಹೊತ್ತು ಕೈಯಾಡಿಸಿದಳು. ಬೈರಾಸು ಒದ್ದೆಯಾಯಿತು. ನನ್ನ ಕೈಯಲ್ಲಿದ್ದ ಗ್ಲೌಸ್ ಒಣಗಿ ಸೆಟೆದುಕೊಂಡಿತ್ತು.

ಮತ್ತೆ ಅಮ್ಮನಿಗೆ ಆ ಕನಸು ಬೀಳಲಿಲ್ಲ. ನಮ್ಮ ಕ್ಲಬ್ ಮುಂದಿನ ಎಲ್ಲ ಆಟ ಸೋತಿತು. ಈಗಲೂ ಬೆಂಚಿನ ಮೇಲೆ ಕೀಪರ್ ಯಾರನ್ನು ತರುವುದು ಎಂಬ ಚರ್ಚೆ ನಡೆಯುತ್ತದೆ. ಇದ್ದ ಒಬ್ಬನನ್ನು ಚಂದ್ರ ಬಿಟ್ಟುಕೊಟ್ಟ ಎಂದು ವೆಂಕಟಣ್ಣ ನನಗೆ ಕೇಳುವ ಹಾಗೆಯೇ ಬೈಯುತ್ತಾರೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಪಡು ಗೋಲಿನ ಹತ್ತಿರ ಹೋಗಿ ಬಲಗಂಬಕ್ಕೆ ನಾನೇ ಎರಡು ಸಲ ತಟ್ಟಿದೆ. ಕಾದೆ. ಏನೂ ಕೇಳಲಿಲ್ಲ. ಅವನು ಮನೆಯಲ್ಲಿ ಬೆಚ್ಚಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡು, ಆ ಒಣಗಿದ ಮಣ್ಣಿನ ಮೇಲೆ ಕೂತು ಅತ್ತೆ.