ಅಡುಗೆಮನೆಯ ಆಪರೇಟರು

ಟಿಕೆಟಮ್ಮ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಅವಳ ಗಂಡ ಅಡುಗೆಮನೆಯ ಗೋಡೆಗೆ ತೂತು ಕೊರೆದಾಗಿತ್ತು. ಸಣ್ಣಪುಟ್ಟ ತೂತಲ್ಲ, ಈ ಕಡೆಯಿಂದ ತಲೆ ತೂರಿಸಿದರೆ ಆ ಕಡೆ ಹಾಲ್‌ನಲ್ಲಿ ಕಿವಿ ಸಮೇತ ಹೊರಗೆ ಬರುವಂಥದ್ದು. ಮೈಯೆಲ್ಲ ಸುಣ್ಣ, ಹುಬ್ಬಿನ ಮೇಲೆ ಇಟ್ಟಿಗೆ ಪುಡಿ. ಮುಖದಲ್ಲಿ ಮಾತ್ರ ಏನೋ ಮಹಾ ಕಡಿದು ಕಟ್ಟೆ ಹಾಕಿದ ಕಳೆ.

"ಏನ್ರೀ ಇದು?"

"ಕಿಂಡಿ. ಇನ್ನೊಂದು ಕೊರೀಬೇಕು. ಒಂದು ಮಿಷನ್ನಿಗೆ, ಇನ್ನೊಂದು ನನ್ನ ಕಣ್ಣಿಗೆ."

ಮಿಷನ್ನು ಅಂದರೆ ಮಗ ಕೊಂಡು ತಂದಿದ್ದ, ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಡಬ್ಬಿ. ಮಗ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಅರ್ಧ ನೀರಿನ ಮೇಲೇ ಕಳೆಯುತ್ತಿದ್ದ. ಹಾಗಾಗಿ ಆ ಡಬ್ಬಿಯ ಮುಂದೆ ಕೂತು ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ಸೊಸೆ ಬಸ್ಸಿನ ಡ್ರೈವರು. ದಿನವೆಲ್ಲ ಯಾರ ಮೇಲೂ ಹಾಯಿಸದೆ ಬಸ್ಸು ಓಡಿಸಿ ಬಂದವಳಿಗೆ ಸಂಜೆ ಒಂದಷ್ಟು ಜನರನ್ನು ಕೊಲ್ಲದೆ ಇದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಅವಳೇ ಬಾಯಿ ತಪ್ಪಿ ಹೇಳಿಬಿಟ್ಟಳು: "ಮಾವ, ಇದರಲ್ಲಿ ಸಿನಿಮಾನೂ ಬರತ್ತೆ. ಹೈ ಡೆಫಿನಿಷನ್ನು. ಹಳೇವೂ ಇದಾವೆ."

ಅಷ್ಟು ಸಾಕಾಯಿತು.

ಮಾವನವರು ತಮ್ಮ ಆಯುಷ್ಯವನ್ನೆಲ್ಲ ಸಿನಿಮಾ ಥಿಯೇಟರಿನ ಪ್ರೊಜೆಕ್ಟರ್ ರೂಮಿನಲ್ಲಿ ಸವೆಸಿದವರು. ಊರಿಗೆಲ್ಲ ಅವರು ಆಪರೇಟರು. ಟಿಕೆಟಮ್ಮ ಅದೇ ಥಿಯೇಟರಿನ ಟಿಕೆಟ್ ಕೌಂಟರಿನಲ್ಲಿ ಕೂತವಳು, ಅವಳ ಹೆಸರೂ ಹಾಗೇ ಅಂಟಿಕೊಂಡಿತು. ಇಬ್ಬರದೂ ಒಂದೇ ಕಟ್ಟಡ, ಒಂದೇ ಹೊತ್ತು, ಒಂದೇ ಸಿನಿಮಾ. ಆದರೆ ಗಂಡ ಮೇಲೆ, ಹೆಂಡತಿ ಕೆಳಗೆ. ತಡವಾಗಿ ಬರುವವರಿಗೆಲ್ಲ ಟಿಕೆಟ್ ಹರಿದುಕೊಟ್ಟು, ಕೌಂಟರ್ ಮುಚ್ಚಿ ಅವಳು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವಷ್ಟರಲ್ಲಿ ಅಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಬಾರಿಸಿ ಆಗಿರುತ್ತಿತ್ತು. ಯಾಕೆ ಬಾರಿಸಿದ ಅನ್ನುವುದು ಅವಳಿಗೆ ಕಡೆಗೂ ತಿಳಿಯುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಅವಳ ಕೈಚೀಲ ಕೂರುತ್ತಿತ್ತು. ಊರಿನ ಗಂಡ ಹೆಂಡಿರೆಲ್ಲ ಜೋಡಿಯಾಗಿ ಕೂತು ನೋಡಿ ಹೋಗುತ್ತಿದ್ದರು. ಅವರಿಗೆಲ್ಲ ಟಿಕೆಟ್ ಕೊಟ್ಟವಳು ಇವಳು, ಸಿನಿಮಾ ತೋರಿಸಿದವರು ಇವಳ ಗಂಡ. ಹೊಟ್ಟೆ ಉರಿಯದೆ ಏನಾಗಬೇಕು?

ಈಗ ಆ ಥಿಯೇಟರಿನಲ್ಲಿ ಹಾಸಿಗೆ ಮಾರುತ್ತಾರೆ. ಹಾಗಾಗಿ ಮನೆಯ ಟೀವಿಯಲ್ಲೇ ಸಿನಿಮಾ ಬರುತ್ತದೆ ಎಂದು ಸೊಸೆ ಹೇಳಿದಾಗ ಟಿಕೆಟಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಅವಳಿಗೆ ಬೇಕಾದದ್ದು ಇಷ್ಟೇ: ಒಂದು ಸಿನಿಮಾ, ಮೊದಲಿನಿಂದ, ಪಕ್ಕದಲ್ಲಿ ಗಂಡ. ಯಾವ ಸಿನಿಮಾ ಅನ್ನುವುದನ್ನೂ ಅವಳು ನಿಶ್ಚಯಿಸಿಕೊಂಡಿದ್ದಳು. ಅವರ ಮದುವೆಯಾದ ಹೊಸದರಲ್ಲಿ ತಿಂಗಳುಗಟ್ಟಲೆ ಓಡಿದ, ದೋಣಿಯವನೊಬ್ಬನ ಕಥೆಯದು. ಅದಕ್ಕೆ ಟಿಕೆಟ್ ಹರಿದು ಹರಿದು ಅವಳ ಹೆಬ್ಬೆರಳು ಬಾತುಕೊಂಡಿತ್ತು.

ಆದರೆ ಆಪರೇಟರು ಆಪರೇಟರೇ. ಮಿಷನ್ನಿರುವ ಕಡೆ ಪ್ರೇಕ್ಷಕರು ಕೂರಬಾರದು, ಪ್ರೇಕ್ಷಕರಿರುವ ಕಡೆ ಆಪರೇಟರು ಕೂರಬಾರದು ಎಂದು ಪಟ್ಟು ಹಿಡಿದರು. ಡಬ್ಬಿ ಅಡುಗೆಮನೆಗೆ ಹೋಯಿತು. ಕಿಂಡಿಯಿಂದ ತಂತಿ ಎಳೆದು ಟೀವಿಗೆ ಸಿಕ್ಕಿಸಿದರು. ಬಾಗಿಲಿಗೆ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಹಲಗೆ ಬಿತ್ತು. ಮಿಷನ್ನು ಬಿಸಿಯಾಗುತ್ತದೆಂದು ಸಿನಿಮಾ ನಡೆಯುವಾಗ ಒಲೆ ಹಚ್ಚುವಂತಿಲ್ಲ. ಹೀಗಾಗಿ ಸಿನಿಮಾ ಇದ್ದ ದಿನ ಮನೆಮಂದಿಗೆಲ್ಲ ತಣ್ಣಗಿನ ಊಟ. ತನ್ನ ಅಡುಗೆಮನೆಗೆ ತಾನೇ ಹೊರಗಿನವಳಾದ ಟಿಕೆಟಮ್ಮ ಬೆಳಗಿನ ಅನ್ನಕ್ಕೆ ಮಜ್ಜಿಗೆ ಕಲಸಿ ಬಡಿಸಿದಳು.

ಇನ್ನೊಂದು ತಾಪತ್ರಯವಿತ್ತು. ಒಂದೇ ಮಿಷನ್ನಿನಲ್ಲಿ ಇಡೀ ಸಿನಿಮಾ ಓಡಿಸುವುದು ಆಪರೇಟರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಥಿಯೇಟರಿನಲ್ಲಿ ಎರಡು ಮಿಷನ್ನು ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ತಯಾರಾಗಿ ನಿಂತಿರುತ್ತಿತ್ತು. ಇಲ್ಲಿ ಇರುವುದು ಒಂದೇ ಆದ್ದರಿಂದ ಅವರು ಸ್ವಲ್ಪ ಸ್ವಲ್ಪ ಹೊತ್ತಿಗೆ ಸಿನಿಮಾ ನಿಲ್ಲಿಸಿ, ಡಬ್ಬಿ ಆರಿಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಒರೆಸಿ, ಮತ್ತೆ ಹಚ್ಚುತ್ತಿದ್ದರು. ಕಥೆಯಲ್ಲಿ ಹುಡುಗಿ ಬಾವಿಗೆ ಹಾರಿದರೆ ನೀರು ಮುಟ್ಟುವುದು ಗಾಳಿ ಹಾಕಿದ ಮೇಲೇ.

"ನೀವು ಬಂದು ಕೂತ್ಕೊಳ್ಳೋದು ಯಾವಾಗ?" ಎಂದು ಟಿಕೆಟಮ್ಮ ಕಿಂಡಿಯೊಳಗೆ ಬಾಯಿ ಹಾಕಿ ಕೇಳಿದಳು.

"ಇನ್ನೊಂದು ಮಿಷನ್ ಸಿಗಲಿ. ಆಮೇಲೆ ರೀಲು ಓಡ್ತಿರೋವಾಗ ಕೈ ಬಿಡುವಾಗತ್ತೆ. ಬಂದು ಪಕ್ಕದಲ್ಲೇ ಕೂತ್ಕೊಳ್ತೀನಿ. ದೋಣಿ ಸಿನಿಮಾನೇ ಹಾಕೋಣ."

ಗಂಡ ಮಾತು ಕೊಟ್ಟ ಮೇಲೆ ಟಿಕೆಟಮ್ಮ ಬಿಡುವವಳೇ? ಸೊಸೆಯ ಬೆನ್ನು ಬಿದ್ದಳು. ಸೊಸೆಯ ಡಿಪೋದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಬಳಿಯೂ ಅಂಥದೇ ಡಬ್ಬಿ ಇತ್ತು. ಆಡಿ ಆಡಿ ಮನೆ ಮರೆತಿದ್ದಾನೆಂದು ಅವನ ಹೆಂಡತಿ ಅದನ್ನು ಕಿಟಕಿಯಿಂದ ಎಸೆಯುತ್ತೇನೆ ಅನ್ನುತ್ತಿದ್ದಳಂತೆ. ಅವನು ಖುಷಿಯಿಂದಲೇ ತಂದುಕೊಟ್ಟ. "ಅವಳ ಕೋಪ ಇಳಿಯೋವರೆಗೆ ನಿಮ್ಮಲ್ಲೇ ಇರಲಿ," ಅಂದ. ಸೊಸೆ ಅದಕ್ಕೂ ಮನೆಯ ಸಿನಿಮಾ ಖಾತೆಯನ್ನೇ ಹಾಕಿಕೊಟ್ಟಳು.

ಬಂತಲ್ಲ ಆ ದಿನ. ರಜೆಯ ಮಧ್ಯಾಹ್ನ, ಸೊಸೆಗೆ ಮಾತ್ರ ಡ್ಯೂಟಿ. ಟಿಕೆಟಮ್ಮ ಒಳ್ಳೆಯ ಸೀರೆ ಉಟ್ಟಳು. ಹಾಲ್‌ನಲ್ಲಿ ಎರಡು ಕುರ್ಚಿ ಹಾಕಿದಳು. ಅಡುಗೆಮನೆಯಲ್ಲಿ ಎರಡು ಡಬ್ಬಿ ಅಕ್ಕಪಕ್ಕ ಕೂತಿದ್ದವು, ಪಾತ್ರೆಗಳೆಲ್ಲ ಬಚ್ಚಲಿಗೆ ಹೋಗಿದ್ದವು. ಆಪರೇಟರು ಎರಡನೆಯ ಮಿಷನ್ನಿನಲ್ಲಿ ಸಿನಿಮಾ ತೆರೆದು, ಕಾಲು ಭಾಗಕ್ಕೆ ಸರಿಸಿ, ಓಡಲು ಬಿಟ್ಟು ನೋಡಿ, ಹಾಗೇ ಸಿದ್ಧವಾಗಿಟ್ಟರು. ಆಮೇಲೆ ಟೀವಿಯ ತಂತಿಯನ್ನು ಮೊದಲನೆಯ ಮಿಷನ್ನಿಗೆ ಸಿಕ್ಕಿಸಿ ಗುಂಡಿ ಒತ್ತಿದರು.

ಪರದೆಯ ಮೇಲೆ ದೋಣಿಯೂ ಇಲ್ಲ, ನದಿಯೂ ಇಲ್ಲ. ಬಿಳಿ ಅಕ್ಷರ ಮೂಡಿದವು: 'ಈ ಖಾತೆಯಲ್ಲಿ ಚಿತ್ರವು ಬೇರೊಂದು ಕಡೆ ಓಡುತ್ತಿದೆ. ಅಲ್ಲಿ ನಿಲ್ಲಿಸಿದರೆ ಇಲ್ಲಿ ನೋಡಬಹುದು.'

ಟಿಕೆಟಮ್ಮ ಕುರ್ಚಿಯಿಂದ ಅರ್ಧ ಎದ್ದಳು. ಆದರೆ ಆಪರೇಟರಿಗೆ ಇದು ಹೊಸದಲ್ಲ. ಹಿಂದೆ ಒಂದೇ ಪ್ರಿಂಟನ್ನು ಎರಡು ಥಿಯೇಟರಿನಲ್ಲಿ ಓಡಿಸುತ್ತಿದ್ದರು. ಅಲ್ಲಿ ಒಂದು ರೀಲು ಮುಗಿದ ಕೂಡಲೇ ಸೈಕಲ್ಲಿನ ಮೇಲೆ ಇಲ್ಲಿಗೆ ಬರಬೇಕು. ಆ ಥಿಯೇಟರಿನವನು ಬೇಕೆಂದೇ ತಡಮಾಡುತ್ತಿದ್ದ, ಇಲ್ಲಿ ಪರದೆ ಖಾಲಿಯಾಗಿ, ಜನ ಹಿಂದಕ್ಕೆ ತಿರುಗಿ ಆಪರೇಟರನ್ನು ಬೈದು ಕೂಗುತ್ತಿದ್ದರು. ಪರದೆ ಖಾಲಿ ಬಿಡುವುದೆಂದರೆ ಆಪರೇಟರಿಗೆ ನಡುಬೀದಿಯಲ್ಲಿ ಪಂಚೆ ಉದುರಿದಷ್ಟೇ ಅವಮಾನ.

"ನನಗೆ ಗೊತ್ತಿತ್ತು," ಅಂದರು. "ನಮ್ಮ ಪ್ರಿಂಟು ಬೇರೆ ಯಾವನ ಹತ್ರಾನೋ ಇದೆ. ಹತ್ತಿರದಲ್ಲೇ ಇರ್ತಾನೆ." ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಒಳ್ಳೆಯ ಸೀರೆಯಲ್ಲೇ ಟಿಕೆಟಮ್ಮ ಹಿಂದೆ ಓಡಿದಳು.

ಮೊದಲು ಮೇಲಿನ ಮನೆಯ ಹಲ್ಲಿನ ಡಾಕ್ಟರ ಬಾಗಿಲು ತಟ್ಟಿದರು. ಮಲಗಿದ್ದ ಡಾಕ್ಟರು ಎದ್ದು ಬಂದು ಬಾಗಿಲು ತೆರೆದರು. ಆಪರೇಟರು ಅವರ ಮೂತಿಗೆ ಮೂತಿ ತಂದು, "ನಿಮ್ಮಲ್ಲಿ ಯಾವ ರೀಲು ಓಡ್ತಿದೆ?" ಎಂದು ಕೇಳಿದರು. ನಿದ್ದೆಗಣ್ಣಿನ ಡಾಕ್ಟರು, "ನೋವು ಎಡಗಡೆನಾ ಬಲಗಡೆನಾ?" ಅಂದರು. ಇವರಲ್ಲ ಎಂದು ಇಬ್ಬರೂ ಇಳಿದು ಬಂದರು.

ಬೀದಿಯ ತಿರುವಿನಲ್ಲಿದ್ದ ಕ್ಷೌರದ ಅಂಗಡಿಯಲ್ಲಿ ಟೀವಿ ಹಚ್ಚಿತ್ತು. ಟೀವಿಯಲ್ಲಿ ನೀರು, ನೀರಿನ ಮೇಲೆ ದೋಣಿ. ಆಪರೇಟರು ಅಲ್ಲೇ ನಿಂತುಬಿಟ್ಟರು.

"ನೋಡು ಇವನ ಕೆಲಸ," ಎಂದು ಟಿಕೆಟಮ್ಮನಿಗೆ ಹೇಳಿ, ಕ್ಷೌರಿಕನ ಕಡೆ ತಿರುಗಿದರು. "ಏನಪ್ಪಾ, ನಮ್ಮ ಪ್ರಿಂಟು ಇಟ್ಕೊಂಡು ಕೂತಿದ್ದೀಯಲ್ಲ. ಮೊದಲ ರೀಲು ಮುಗಿದಿದ್ರೆ ಕೊಡು, ಮನೇಲಿ ಜನ ಕಾಯ್ತಿದಾರೆ."

"ಇದು ಮೀನಿನ ಕಾರ್ಯಕ್ರಮ, ಯಜಮಾನ್ರೇ."

"ದೋಣಿ ಇದೆಯಲ್ಲ."

"ಮೀನು ಹಿಡಿಯೋಕೆ ದೋಣಿ ಬೇಡ್ವಾ?"

ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಮಧ್ಯೆ ಬಾಯಿ ಹಾಕಿದ. "ಕೊಟ್ಟುಬಿಡಪ್ಪ ಅವರಿಗೆ. ದೊಡ್ಡವರು. ನಾನು ಆಮೇಲೆ ನೋಡ್ತೀನಿ."

"ಏನು ಕೊಡ್ಲಿ ಸ್ವಾಮಿ? ಟೀವಿ ಬಿಚ್ಚಿಕೊಡ್ಲಾ?"

ಮಾತಿಗೆ ಮಾತು ಬೆಳೆಯಿತು. ಕಡೆಗೆ ಕ್ಷೌರಿಕ ತಲೆನೋವು ತಾಳಲಾರದೆ ಟೀವಿ ಆರಿಸಿದ. ಆಪರೇಟರು ಗೆದ್ದವರ ಹಾಗೆ ಮನೆಗೆ ಓಡಿ ಗುಂಡಿ ಒತ್ತಿದರು. ಅದೇ ಬಿಳಿ ಅಕ್ಷರ. ಟಿಕೆಟಮ್ಮ ಕುರ್ಚಿಯಲ್ಲಿ ಕುಸಿದಳು. ಈ ಜನ್ಮಕ್ಕೆ ತನ್ನ ಪಕ್ಕದಲ್ಲಿ ಕೈಚೀಲವೇ ಗತಿ ಅನ್ನಿಸಿ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಸೊಸೆ ಡ್ಯೂಟಿ ಮುಗಿಸಿ ಬಂದಳು. ಅತ್ತೆಯ ಮುಖ ನೋಡಿದಳು, ಪರದೆ ನೋಡಿದಳು, ಅಡುಗೆಮನೆಗೆ ಹೋದಳು.

"ಮಾವ, ಆ ಎರಡನೇದನ್ನ ಯಾಕೆ ಹಚ್ಚಿಟ್ಟಿದ್ದೀರಾ?"

"ತಯಾರಿರಬೇಕಲ್ಲಮ್ಮ."

"ನಮ್ಮ ಖಾತೇಲಿ ಒಂದು ಸಲಕ್ಕೆ ಒಂದೇ ಕಡೆ ಸಿನಿಮಾ ಓಡೋದು. ಆ ಬೇರೊಂದು ಕಡೆ ಅನ್ನೋದು ಇದೇ. ನಿಮ್ಮ ಪ್ರಿಂಟು ಕದ್ದವರು ನೀವೇ." ಎರಡನೆಯ ಡಬ್ಬಿಯನ್ನು ಆರಿಸಿ, ಪ್ಲಗ್ಗು ಕಿತ್ತಳು. "ಇದೊಂದೇ ಸಾಕು. ಮಧ್ಯೆ ನಿಲ್ಲಿಸೋದೂ ಬೇಡ, ಬೀಸಣಿಗೆನೂ ಬೇಡ. ಒಂದು ಸಲ ಒತ್ತಿದ್ರೆ ಕೊನೇವರೆಗೂ ತಾನೇ ಹೋಗತ್ತೆ."

"ಫೋಕಸ್ಸು?"

"ಅದೇ ನೋಡ್ಕೊಳ್ಳತ್ತೆ."

"ಹಾಗಾದ್ರೆ ಆಪರೇಟರು ಏನ್ ಮಾಡ್ಬೇಕು?"

ಸೊಸೆ ಕಿತ್ತ ತಂತಿಯನ್ನು ಸುತ್ತಿಟ್ಟಳು. ಸ್ನಾನ ಮಾಡಿ ಮಲಗುತ್ತೇನೆ ಎಂದು ಹೊರಟುಹೋದಳು. ಕಿಂಡಿಯಲ್ಲಿ ಟಿಕೆಟಮ್ಮನಿಗೆ ಗಂಡನ ಮುಖ ಕಾಣಿಸುತ್ತಿತ್ತು. ಥಿಯೇಟರು ಮುಚ್ಚಿದ ದಿನವೂ ಆ ಮುಖ ಅಷ್ಟು ಬಾಡಿರಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತು, ಅದರ ಬೆನ್ನಿಗೇ ಕೋಪ ನೆತ್ತಿಗೇರಿತು.

"ಕೆಲಸ ಇಲ್ಲ ಅಂತ ತಾನೇ ಸೂತಕದ ಮುಖ ಮಾಡಿರೋದು? ಇಲ್ಲೊಂದು ಕೆಲಸ ಇದೆ. ಮದುವೆಯಾದಾಗಿಂದ ಖಾಲಿ ಬಿದ್ದಿದೆ. ಬಂದು ಕೂತ್ಕೊಳ್ಳಿ."

"ಕೂತು ಏನ್ ಮಾಡ್ಲಿ?"

"ನೋಡಿ."

ಆಪರೇಟರು ಕಿಂಡಿಯಿಂದಲೇ ಆ ಖಾಲಿ ಕುರ್ಚಿ ನೋಡಿ, "ನನಗೆ ಬರಲ್ಲ ಕಣೇ," ಅಂದರು. ನಿಜವಾಗಿ ಹೆದರಿದ್ದರು ಪಾಪ.

ಟಿಕೆಟಮ್ಮ ಎದ್ದು, ಹಲಗೆ ಗಿಲಗೆ ಲೆಕ್ಕಿಸದೆ ಅಡುಗೆಮನೆಗೆ ನುಗ್ಗಿ, ಗಂಡನ ಕೈಯಿಂದಲೇ ಗುಂಡಿ ಒತ್ತಿಸಿ, ಆಟದ ರಿಮೋಟನ್ನು ಕಟ್ಟೆಯ ಮೇಲೆ ಇಡಿಸಿ, ತೋಳು ಹಿಡಿದು ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ಹೇಗೆ ಕೂರಬೇಕೆಂದೂ ಹೇಳಿಕೊಡಬೇಕಾಯಿತು. ಬೆನ್ನು ಹಿಂದಕ್ಕೆ ಒರಗಲಿ. ಕೈ ತೊಡೆಯ ಮೇಲಿರಲಿ. ತಿರುಗಿ ತಿರುಗಿ ಗೋಡೆ ನೋಡಬಾರದು, ಸಿನಿಮಾ ಎದುರಿಗೆ ಬರುತ್ತದೆ.

ಸಿನಿಮಾ ಶುರುವಾಯಿತು. ಟಿಕೆಟಮ್ಮ ಆ ನದಿಯನ್ನು ಬೆಳಗಿನ ಹೊತ್ತಿನಲ್ಲಿ ಎಂದೂ ನೋಡಿರಲಿಲ್ಲ. ಅವಳು ಒಳಗೆ ಬರುವಷ್ಟರಲ್ಲಿ ಯಾವಾಗಲೂ ಅಲ್ಲಿ ಸಂಜೆಯಾಗಿರುತ್ತಿತ್ತು. ನೀರಿನ ಒಂದೊಂದು ಹನಿ, ಹುಟ್ಟಿನ ಮರದ ಸಿಬಿರು, ದೋಣಿಯವನ ಗಡ್ಡದಲ್ಲಿ ಸಿಕ್ಕ ಹುಲ್ಲಿನ ಎಸಳು, ಎಲ್ಲ ಕೈಗೆ ಸಿಗುವ ಹಾಗಿತ್ತು. ಆಪರೇಟರು ಎರಡು ಸಲ ಎದ್ದರು, ಎರಡು ಸಲವೂ ಅವಳು ಅಂಗಿಯ ಚುಂಗು ಹಿಡಿದು ಜಗ್ಗಿದಳು. ಆಮೇಲೆ ಏಳಲಿಲ್ಲ. ನೋಡಿದರೆ ಬಾಯಿ ಸ್ವಲ್ಪ ತೆರೆದಿತ್ತು.

"ಅವಳು ಅವನ ತಂಗಿ ಅಲ್ವಾ?" ಎಂದು ಪಿಸುಗುಟ್ಟಿದರು.

"ಹೆಂಡತಿ ಕಣ್ರೀ. ತಿಂಗಳುಗಟ್ಟಲೆ ತೋರಿಸಿದ್ದು ನೀವೇ."

"ಮಿಷನ್ನಿನ ಸದ್ದಿಗೆ ಮಾತು ಎಲ್ಲಿ ಕೇಳಿಸ್ತಿತ್ತು? ತಂಗಿ ಅಂತಾನೇ ಅಂದ್ಕೊಂಡಿದ್ದೆ." ಮತ್ತೆ ಅವಳ ಕಿವಿಯ ಕಡೆ ಬಗ್ಗಿ, "ಅದಕ್ಕೇ ಜನ ಅಷ್ಟು ಅಳ್ತಿದ್ರಾ ಕೊನೇಲಿ?"

"ಅವರಿಬ್ರೂ ಯಾಕೆ ಮದುವೆಯಾದ್ರು ಅಂತ ನನಗೂ ಈಗ ಗೊತ್ತಾಯ್ತು," ಅಂದಳು ಟಿಕೆಟಮ್ಮ. ಅವರ ಭುಜ ತನ್ನ ಭುಜಕ್ಕೆ ತಾಗುತ್ತಿದ್ದುದು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ ಮಿಸುಕಾಡಲೂ ಭಯವಾಗುತ್ತಿತ್ತು.

ದೋಣಿ ನಡುನೀರಿಗೆ ಬಂದಿತ್ತು, ಗಾಳಿ ಎದ್ದಿತ್ತು, ಹೆಂಡತಿ ದಡದಲ್ಲಿ ನಿಂತು ಕೂಗುತ್ತಿದ್ದಳು. ಆಗ ಚಿತ್ರ ಗಕ್ಕನೆ ನಿಂತಿತು. ಅದರ ಮೇಲೆ ಅಕ್ಷರ ಮೂಡಿತು: 'ಬಹಳ ಹೊತ್ತಿನಿಂದ ಯಾವ ಗುಂಡಿಯೂ ಒತ್ತಿಲ್ಲ. ಇನ್ನೂ ನೋಡುತ್ತಿದ್ದೀರಾ?'

ರಿಮೋಟು ಅಡುಗೆಮನೆಯಲ್ಲಿತ್ತು. ಸೊಸೆಗೆ ಅವತ್ತು ಯಾರನ್ನೂ ಕೊಲ್ಲದೆಯೇ ಗಾಢ ನಿದ್ದೆ. ಆಪರೇಟರ ಅಂಗೈ ಕುರ್ಚಿಯ ತೋಳನ್ನು ಒತ್ತಿದ್ದು ಟಿಕೆಟಮ್ಮನಿಗೆ ಗೊತ್ತಾಯಿತು. ಎದ್ದರೋ, ಆ ಮನುಷ್ಯ ಮತ್ತೆ ಕಿಂಡಿಯ ಹಿಂದೆಯೇ ನಿಲ್ಲುವುದು. ಈ ಸಲ ಅವಳು ಅಂಗಿ ಹಿಡಿಯಲಿಲ್ಲ. ಎಷ್ಟು ಅಂತ ಹಿಡಿಯುವುದು?

"ನೋಡ್ತಿದೀವಿ," ಎಂದು ಆಪರೇಟರು ಟೀವಿಗೆ ಹೇಳಿದರು. ಟೀವಿಗೆ ಕಿವಿಯಿರಲಿಲ್ಲ. ಕೇಳಿ ಕೇಳಿ ಬೇಸತ್ತು ಚಿತ್ರ ಆರಿಹೋಯಿತು. ಪರದೆ ಖಾಲಿ.

"ರೀ, ಪರದೆ ಖಾಲಿ," ಅಂದಳು ಟಿಕೆಟಮ್ಮ ಮೆಲ್ಲಗೆ.

"ಕಾಣ್ತಿದೆ," ಅಂದರು. ಅಂಗೈ ಸಡಿಲವಾಯಿತು. ಬೆನ್ನನ್ನು ಇನ್ನಷ್ಟು ಹಿಂದಕ್ಕೆ ಒರಗಿಸಿ, ಕಾಲು ಚಾಚಿ, ಕೂತಲ್ಲಿಂದಲೇ ಕತ್ತು ತಿರುಗಿಸಿ, ಯಾರೂ ಇಲ್ಲದ ಅಡುಗೆಮನೆಯ ಕಡೆ ಗಂಟಲು ಹರಿಯುವಂತೆ ಕೂಗಿದರು: "ಏಯ್, ಯಾವನಯ್ಯಾ ಅಲ್ಲಿ ಆಪರೇಟರು? ನಿದ್ದೆ ಹೊಡೀತಿದೀಯಾ?"