ಅರವತ್ತು ಮೂಸೆ

ಕಮಲಾಪುರದ ಯಮನಮ್ಮ ಮೂಸೆ ಮಾಡುವುದನ್ನು ಅವ್ವನಿಂದ ಕಲಿತಿದ್ದಳು. ಸೋಸಿದ ಮಣ್ಣಿಗೆ ಹೊಟ್ಟಿನ ಬೂದಿ ಕಲಸಿ, ಎರಡು ದಿನ ತುಳಿದು, ಅಂಗೈಯಗಲದ ಜೋಡಿ ಬಟ್ಟಲು ತಟ್ಟುವ ಕೆಲಸ. ವೈದ್ಯರು ಲೋಹದ ಪುಡಿಯನ್ನು ಸೊಪ್ಪಿನ ರಸದಲ್ಲಿ ಅರೆದು ಬಿಲ್ಲೆ ಮಾಡಿ ಒಂದು ಬಟ್ಟಲಲ್ಲಿಡುತ್ತಾರೆ. ಇನ್ನೊಂದನ್ನು ಮೇಲೆ ಬೋರಲು ಹಾಕಿ, ಸಂದಿಗೆ ಮಣ್ಣು ಮೆತ್ತಿ, ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಡುತ್ತಾರೆ. ಆರಿದ ಮೇಲೆ ಒಡೆದೇ ತೆಗೆಯಬೇಕು. ಮತ್ತೆ ಅರೆಯಬೇಕು, ಮತ್ತೆ ಹೊಸ ಮೂಸೆಯಲ್ಲಿ ಸುಡಬೇಕು. ಹೀಗಾಗಿ ಎಷ್ಟು ಸಲ ಸುಟ್ಟರೆಂಬುದು ಮೂಸೆ ಕೊಟ್ಟವಳಿಗೂ ಗೊತ್ತಿರುತ್ತದೆ.

ವೈದ್ಯ ದೇವಿಂದ್ರಪ್ಪನ ತಂದೆ ಪ್ರತಿ ಸಲ ಕಬ್ಬಿಣದ ಭಸ್ಮ ಮಾಡುವಾಗ ಅರವತ್ತು ಮೂಸೆ ಒಯ್ಯುತ್ತಿದ್ದರು. ಅವರು ತೀರಿಕೊಂಡ ಮೇಲೆ ದೇವಿಂದ್ರಪ್ಪ ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹತ್ತಿರ, ಗಾಜಿನ ಬಾಗಿಲಿನ ಅಂಗಡಿ ತೆಗೆದ. ಸುಡುವ ಶೆಡ್ಡು ಮಾತ್ರ ಯಮನಮ್ಮನ ಮನೆ ಹಿಂದೆಯೇ ಉಳಿಯಿತು. ಹೋದ ವರ್ಷದಿಂದ ಅವನು ಒಯ್ಯುವುದು ಹದಿನೈದೇ ಮೂಸೆ. ಡಬ್ಬಿಯ ಮೇಲೆ ಈಗಲೂ ಅರವತ್ತು ಸಲ ಸುಟ್ಟದ್ದು ಎಂದೇ ಇತ್ತು.

ಶ್ರಾವಣದ ಒಂದು ಸೋಮವಾರ ಅವನು ಯಮನಮ್ಮನನ್ನು ಅಂಗಡಿಗೆ ಕರೆಸಿದ. ಅವನ ಅಳಿಯ ಸುನೀಲಕುಮಾರ ಫೋನಿನಲ್ಲಿ ಜಾಹೀರಾತಿನ ವಿಡಿಯೊ ಮಾಡುವವನಿದ್ದ. ಗುಡಿಗೆ ಬಂದ ಮಂದಿ ಒಳಗೆ ತುಂಬಿದ್ದರು.

“ಭಾಳ ಮಾತಾಡೂದು ಬ್ಯಾಡ,” ಎಂದ ದೇವಿಂದ್ರಪ್ಪ. “ಮೂಸಿ ಕೈಯಾಗ ಹಿಡಿ. ಅರವತ್ತು ಕೊಡ್ತೀನಿ ಅಂತ ಹೇಳು. ಅಷ್ಟ.”

“ಹದಿನೈದು ಕೊಡ್ತೀನಲ್ರೀ.”

“ಅದು ಮಂದಿಗ್ಯಾಕ ಬೇಕು?”

ಸುನೀಲಕುಮಾರ ಫೋನು ಎತ್ತಿದ. ಯಮನಮ್ಮ ಮೂಸೆಯನ್ನು ಎದೆಯ ಮಟ್ಟಕ್ಕೆ ಹಿಡಿದಳು. ಅವಳ ಮೂಸೆಗೆ ಇದ್ದ ಗಿರಾಕಿ ದೇವಿಂದ್ರಪ್ಪನೊಬ್ಬನೇ.

“ನಾ ಕಮಲಾಪುರದ ಯಮನಮ್ಮ,” ಎಂದಳು. “ಇವರಪ್ಪಗ ಅರವತ್ತು ಮೂಸಿ ಕೊಡ್ತಿದ್ವಿ. ಇವರಿಗಿ ಹದಿನೈದು ಕೊಡ್ತೀನಿ. ಶೆಡ್ಡಿನ ಹೊಗಿ ನಮ್ಮ ಅಂಗಳಕ್ಕ ಬರ್ತದ. ಹದಿನೈದು ಸಲ ಬರ್ತದ, ಆಮ್ಯಾಲ ಬರೂದಿಲ್ಲ.”

ಫೋನು ಕೆಳಗಿಳಿಯಿತು.

“ಮಣ್ಣು ತುಳಿಯಾಕಿ ನೀ,” ಎಂದ ದೇವಿಂದ್ರಪ್ಪ, ಹಲ್ಲು ಕಚ್ಚಿ. “ಔಷಧದ್ದು ನಿಂಗೇನ್ ಗೊತ್ತು?”

“ನಂಗ ಗೊತ್ತಿಲ್ಲಂದ್ರ ನೀರಾಗ ಹಾಕಿ ನೋಡ್ರಿ. ನಿಮ್ಮಪ್ಪ ಹಂಗೇ ನೋಡ್ತಿದ್ರು. ನೆಟ್ಟಗ ಸುಟ್ಟ ಭಸ್ಮ ತೇಲ್ತದ. ಮುಳುಗಿದ್ರ ಅದು ಇನ್ನೂ ಕಬ್ಬಿಣ.”

ಕೋಟನೂರಿನಿಂದ ಬಂದಿದ್ದ ಭೀಮಬಾಯಿ ಎಂಬಾಕೆ ಆಗಷ್ಟೇ ಬಾಣಂತಿ ಸೊಸೆಗಾಗಿ ಭಸ್ಮದ ಒಂದು ಡಬ್ಬಿ ಕೊಂಡಿದ್ದಳು. ಅವಳು ಯಾರನ್ನೂ ಕೇಳಲಿಲ್ಲ. ಕುಡಿಯಲು ಇಟ್ಟಿದ್ದ ಲೋಟದ ನೀರಿಗೆ ಡಬ್ಬಿಯಿಂದ ಒಂದು ಚಿಟಿಕೆ ಉದುರಿಸಿದಳು. ಪುಡಿ ಮೇಲೆ ಹರಡಿ ಒಂದು ಕ್ಷಣ ನಿಂತಿತು. ಆಮೇಲೆ ಕಣಕಣವಾಗಿ ಇಳಿದು ತಳ ಸೇರಿತು.

“ಬಾಣಂತಿಗಿ ಇದನ್ನ ಹ್ಯಾಂಗ ಕೊಡ್ಲಿ?” ಎಂದು ಭೀಮಬಾಯಿ ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು. ಇನ್ನಿಬ್ಬರು ಗಿರಾಕಿಗಳೂ ತಮ್ಮ ಡಬ್ಬಿ ಇಟ್ಟರು.

“ಇನ್ನ ನಿನ್ನ ಒಂದು ಮೂಸಿನೂ ನಂಗ ಬ್ಯಾಡ,” ಎಂದ ದೇವಿಂದ್ರಪ್ಪ.

“ಬಿಡ್ರಿ,” ಎಂದು ಯಮನಮ್ಮ ಹೊರಬಿದ್ದಳು.

ಅವಳು ಮೊಸರಿನ ಕುಡಿಕೆ ಮಾಡಿ ಸಂತೆಗೆ ಒಯ್ಯತೊಡಗಿದಳು. ಗಂಡ ಕಾಶಿರಾಯ ಒಮ್ಮೆ ಕೇಳಿದ: “ಒಂದ್ ಮಾತು ಸುಳ್ಳು ಹೇಳಿದ್ರ ಏನಾಗ್ತಿತ್ತು?”

“ದಿನಾ ಹೇಳ್ಬೇಕಾಗ್ತಿತ್ತು.”

ಚಳಿ ಶುರುವಾದಾಗ ದೇವಿಂದ್ರಪ್ಪನೇ ಅಂಗಳಕ್ಕೆ ಬಂದ. ಬೇರೆಡೆಯಿಂದ ತಂದ ಮೂಸೆಗಳು ಬೆಂಕಿಯಲ್ಲೇ ಬಿರಿದು, ಔಷಧವೆಲ್ಲ ಬೂದಿಯಲ್ಲಿ ಬೆರೆತಿತ್ತು.

“ಆಗಿದ್ದು ಆತು. ಹದಿನೈದು ಮಾಡಿಕೊಡು.”

ಯಮನಮ್ಮ ಕೆಸರಿನ ಕೈ ತೊಳೆಯದೆ ಎದ್ದು ನಿಂತಳು. “ಅರವತ್ತು ಒಯ್ಯೂದಾದ್ರ ಇವತ್ತೇ ಮಣ್ಣು ನೆನಸ್ತೀನ್ರೀ. ಹದಿನೈದು ಮಾಡೂದಿಲ್ಲ.”

“ನಾ ಬ್ಯಾರೆ ಕಡಿ ನೋಡ್ತೀನಿ.”

“ನೋಡ್ರಿ.”

ಅವನು ಕಾರು ಹತ್ತಿ ಹೋದ. ಆ ಚಳಿಗಾಲವಿಡೀ ಅವನ ಅಂಗಡಿಯಲ್ಲಿ ಕಬ್ಬಿಣದ ಭಸ್ಮ ಸಿಗಲಿಲ್ಲ.